ಆನೆ ಬಂದ ದಿನದ ರಜೆ

ನಾಗವೇಣಿ ಕೆಲಸಕ್ಕೆ ಬಾರದ ದಿನವೆಲ್ಲ ಸಾನಮಾವಿನ ರಸ್ತೆಗೆ ಆನೆ ಇಳಿದಿರುತ್ತಿತ್ತು. ಅವಳದು ಕಾಡಿನಂಚಿನ ಊರು, ನಂಬದೆ ಇರುವುದು ಹೇಗೆ? ಹೊಸೂರಿನ ಕಾರ್ಖಾನೆಯಲ್ಲಿ ಅವಳಿದ್ದ ಲೈನಿಗೆ ನಾನೇ ಲೀಡರ್. ಜಯಂತಕ್ಕ ಬಾಯಿ ತೆರೆದರೆ ಮೆಷೀನೂ ನಿಲ್ಲುತ್ತದೆ ಎಂದು ಹುಡುಗಿಯರು ನನ್ನನ್ನು ಆಡಿಕೊಳ್ಳುತ್ತಾರೆ. ನಿಮ್ಮೂರ ಆನೆಗೂ ಇಲ್ಲೇ ಒಂದು ಕೆಲಸ ಕೊಡಿಸೋಣ ಬಿಡು ಎಂದು ಅವಳನ್ನು ರೇಗಿಸುತ್ತಿದ್ದೆ.

ಬೇಸಿಗೆ ಬಂತು, ಆನೆಗಳೆಲ್ಲ ಕಾಡು ದಾಟಿ ಹಿಂದಕ್ಕೆ ಹೋದವು. ನಾಗವೇಣಿಯ ಆನೆ ಮಾತ್ರ ಹೋಗಲಿಲ್ಲ. ಒಂದು ಸೋಮವಾರ ಬಂದವಳಿಗೆ ಎಡಗೈ ಮೇಲಕ್ಕೇ ಏಳದು. ಕೆಲಸದ ಟೋಪಿಯನ್ನು ನಾನೇ ಅವಳ ತಲೆಗೆ ಹಾಕಲು ಹೋದರೆ ಕಿವಿಯ ಹಿಂದೆ ನೆತ್ತರು ಹೆಪ್ಪುಗಟ್ಟಿತ್ತು. ಬಿಡದೆ ಕೇಳಿದೆ. ಗಂಡ ಕುಮಾರೇಶ ಎಂಥವನೆಂದು ಆಗ ಗೊತ್ತಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ.

ಹೊರಟುಬಿಡು ಎಂದೆ. ಹೇಗೆ ಹೋಗಲಿ ಎಂದು ಅತ್ತಳು. ಎಟಿಎಂ ಕಾರ್ಡು ಅವನ ಜೇಬಿನಲ್ಲಿ, ಸಂಬಳ ಬಿದ್ದ ಮೆಸೇಜು ಅವನ ಫೋನಿಗೆ. ರಜೆ ಹಾಕಿದರೆ ಕೂಲಿಯೂ ಇಲ್ಲ. ಅವನಿಗೆ ಗೊತ್ತಿಲ್ಲದ ಗೆಳತಿಯೊಬ್ಬಳು ಕರೆಯುತ್ತಿದ್ದಳು, ಊರು ಯಾವುದೆಂದು ನಾನು ಬಾಯಿ ಬಿಡುವುದಿಲ್ಲ. ಮಗಳೊಂದಿಗೆ ಅಲ್ಲಿಗೆ ಹೋಗಲು ಬಸ್ ಚಾರ್ಜಿಗೂ ಗತಿಯಿರಲಿಲ್ಲ. ನಮ್ಮ ಆಫೀಸಿನಲ್ಲಿ ಮನೆಯಲ್ಲಿ ಏಟು ತಿನ್ನುವವರಿಗೆಂದೇ ಸಂಬಳದ ರಜೆಯಿದೆ, ಕೈಗೇ ಕೊಡುವ ತುರ್ತು ಹಣವಿದೆ. ಆದರೆ ಕಾರಣವನ್ನು ಅವಳೇ ಹೇಳಬೇಕು.

ಅವಳನ್ನು ಕರೆದುಕೊಂಡು ಹೋದೆ. ಆಫೀಸಿನಲ್ಲಿ ರಜೆ ಬರೆದುಕೊಳ್ಳುವ ಶಶಿರೇಖಾ ಮೇಡಂ ಏನಾಯಿತೆಂದು ತಮಿಳಿನಲ್ಲಿ ಕೇಳಿದರು. ನಾಗವೇಣಿ ತಲೆ ತಗ್ಗಿಸಿ, ಯಾನೈ ವಂದುರುಚ್ಚು, ಆನೆ ಬಂದಿತ್ತು ಅಂದುಬಿಟ್ಟಳು! ಆನೆಗೆ ಸಿಗುವುದು ಬರೀ ಸಂಬಳವಿಲ್ಲದ ರಜೆ. ಮೇಡಂ ಪೆನ್ನು ತೆಗೆದರು. ಅಯ್ಯೋ ಶಿವನೇ, ನಾನೇ ಕೂಗಿ ಹೇಳಿಬಿಡಲೇ ಅನ್ನಿಸಿತು. ನಾಲಿಗೆ ಕಚ್ಚಿಕೊಂಡು ಕೂತೆ.

ಅಷ್ಟರಲ್ಲಿ ನಾಗವೇಣಿ ತಲೆಯೆತ್ತಿ, ತಮಿಳು ಬಿಟ್ಟು ಕನ್ನಡದಲ್ಲಿ ಬಾಯಿಬಿಟ್ಟಳು.

"ಆನೆ ಯಾವತ್ತೂ ನನ್ನ ಮುಟ್ನಿಲ್ಲ ಮೇಡಂ. ಹೊಡ್ಯೋನು ನನ್ ಗಂಡ. ಆನೆ ಬಂತು ಅನ್ನು ಅಂತ ಹೇಳ್ಕೊಟ್ಟೋನೂ ಅವ್ನೇಯ."

ಅಂದೇ ಹಣ ಕೈಗೆ ಬಂತು. ಶಾಲೆಯಿಂದ ಮಗಳನ್ನು ಕರೆದುಕೊಂಡು ಹಾಗೇ ಬಸ್ಸು ಹತ್ತಿದಳು.

ಮಾರನೆಯ ಬೆಳಿಗ್ಗೆ ಕುಮಾರೇಶ ಗೇಟಿಗೆ ಬಂದ. ನಾಗವೇಣಿ ಎಲ್ಲಿ ಎಂದು ನಯವಾಗಿ ಕೇಳಿದ.

"ಆನೆ ಬಂದಿತ್ತಂತೆ ಕಣಪ್ಪ. ರಜಾ ಹಾಕವ್ಳೆ," ಎಂದೆ.

ಅವನೇ ಕಲಿಸಿದ ಸುಳ್ಳು. ಅವನ ಮುಖ ಕಪ್ಪಿಟ್ಟಿತು, ಆದರೆ ಕದಲಲಿಲ್ಲ. ಈಗಲೂ ದಿನಾ ಬಂದು ಗೇಟಿನೆದುರು ನಿಲ್ಲುತ್ತಾನೆ. ನಾನೂ ದಿನಾ ಅದನ್ನೇ ಹೇಳುತ್ತೇನೆ.