ಯಾವ ಆಯ್ತು?

ತುಂಬಿ ಹರಿಯುವ ನದಿಯೊಂದೂ ಇಲ್ಲದ ಕೋಲಾರದಲ್ಲಿ, ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನವರು ಮಾತ್ರ ವಾಟರ್‌ಫಾಲ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಗಿರಾಕಿಗೆ ಏನು ಬೇಕೆಂದು ಕೇಳುವುದು, ವಿನ್ಯಾಸ, ಕೋಡ್, ಎಲ್ಲವೂ ಜಲಪಾತದ ಹಾಗೆ ಹಂತಹಂತವಾಗಿ ಮೇಲಿಂದ ಕೆಳಕ್ಕೆ ಸುರಿಯಬೇಕು, ಕಟ್ಟಕಡೆಗೆ ಟೆಸ್ಟಿಂಗ್. ಆ ಕಟ್ಟಕಡೆಯವಳು ನಾನು. ತಪ್ಪು ತೋರಿಸಿದರೆ, "ಈಗ್ಲಾ ಹೇಳೋದು?" ಎಂದು ನನ್ನ ಮೇಲೇ ರೇಗುತ್ತಿದ್ದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಕರೆದು, ತಡ ಮಾಡಿದೆಯೆಂದು ಬೈದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಮಾವಿನ ತೋಟಕ್ಕೆ ಔಷಧಿ ಹೊಡೆಯುವವರನ್ನು ಫೋನಿನಲ್ಲೇ ಕರೆಸುವ ಆಪ್ ಮಾಡುವ ಕೆಲಸ ಬಂದಾಗ ನಾನು ಹಟ ಹಿಡಿದೆ. ಈ ಸಲ ವಿ ಮಾಡೆಲ್. ಬೋರ್ಡಿನ ಮೇಲೆ ದೊಡ್ಡದೊಂದು ವಿ ಬರೆದೆ. ಎಡಗಡೆ ಇಳಿಯುವ ಒಂದೊಂದು ಹಂತಕ್ಕೂ ಬಲಗಡೆ ಅದರ ಪರೀಕ್ಷೆ ಎದುರಾಬದುರು. ಏನು ಬೇಕೆಂದು ಬರೆಯುವ ದಿನವೇ, ಅದು ಸರಿಯಾಗಿದೆಯೇ ಎಂದು ನೋಡುವ ಬಗೆಯನ್ನೂ ಗೊತ್ತುಮಾಡಬೇಕು. ಬಾಸ್ ಗಡಿಯಾರ ನೋಡಿದರು. "ಇದೊಂದು ಸಲ ಕಣಮ್ಮ. ಸುಮ್ನೆ ದಿನ ಕಳೆದ್ರೆ ಮತ್ತೆ ಈ ಸುದ್ದಿ ಎತ್ಬಾರ್ದು" ಎಂದರು.

ಕೋಡ್ ಬರೆಯುವ ಮೊದಲೇ, ಪರದೆಗಳನ್ನು ಕಾಗದದ ಮೇಲೆ ಬಿಡಿಸಿಕೊಂಡು ಯಲ್ದೂರಿನ ಚಿಕ್ಕಮ್ಮನ ತೋಟಕ್ಕೆ ಹೋದೆ. ಮರಗಳೆಲ್ಲ ಹೂ ಬಿಟ್ಟಿದ್ದವು. ಪ್ರತಿ ವರ್ಷ ಅಲ್ಲಿ ಔಷಧಿ ಹೊಡೆಯುವ ಅಣ್ಣನೂ ಬಂದಿದ್ದ. "ನಾನೇ ಫೋನು. ಕಾಗದ ಒತ್ತಿ, ಮುಂದಿಂದು ತೋರಿಸ್ತೀನಿ" ಎಂದೆ. ಚಿಕ್ಕಮ್ಮ "ಔಷಧಿ ಹೊಡೆಯಲು ಬನ್ನಿ" ಎಂಬುದನ್ನು ಒತ್ತಿದಳು. ಆ ಕರೆಯ ಕಾಗದವನ್ನು ಅಣ್ಣನ ಮುಂದೆ ಹಿಡಿದೆ. ಅವನು ಗತ್ತಿನಿಂದ ಕೆಳಗಿದ್ದ "ಆಯ್ತು" ಗುಂಡಿಯ ಮೇಲೆ ಹೆಬ್ಬೆರಳು ಊರಿದ. ನಾನು ಫೋನಲ್ಲವೇ? ಆಫೀಸಿನಲ್ಲಿ ಗೊತ್ತುಮಾಡಿದ್ದ ನಿಯಮದಂತೆ ಚಿಕ್ಕಮ್ಮನಿಗೆ ಮುಂದಿನ ಕಾಗದ ತೋರಿಸಿದೆ: "ನಿಮ್ಮ ತೋಟಕ್ಕೆ ಔಷಧಿ ಹೊಡೆದು ಮುಗಿದಿದೆ. ಧನ್ಯವಾದ."

ಚಿಕ್ಕಮ್ಮ ತಲೆಯೆತ್ತಿ ಮರ ನೋಡಿದಳು. "ಏನ್ಲಾ, ಒಂದೆಲೆ ನೆಂದಿಲ್ಲ, ಆಗ್ಲೇ ಮುಗಿಸ್ಬಿಟ್ಯಾ?"

"ಅಯ್ಯೋ ಅಕ್ಕ, ಆಯ್ತು ಅಂದ್ರೆ ಬರ್ತೀನಿ ಅಂತ!"

"ಇದ್ರಲ್ಲಿ ಮುಗೀತು ಅಂತೈತಲ್ಲೋ! ಸರೇನಾ, ಅಯಿಪೋಯಿಂದಾ? ಯಾವ ಆಯ್ತು ಒತ್ತಿದೆ ಹೇಳು."

ತೆಲುಗಿನಲ್ಲಿ ಒಪ್ಪಿಕೊಳ್ಳುವುದಕ್ಕೆ ಸರೇ, ಮುಗಿದದ್ದಕ್ಕೆ ಅಯಿಪೋಯಿಂದಿ. ನಮ್ಮ ಕನ್ನಡದ ಆಯ್ತು ಎರಡೂ ಕಡೆ ದುಡಿಯುತ್ತದೆ. ಮನೆಯಲ್ಲಿ ಎರಡು ಭಾಷೆ ಆಡುವವರೇ ತುಂಬಿದ್ದ ನಮ್ಮ ಆಫೀಸಿನಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗೇ ಹೊರಬಿದ್ದಿದ್ದರೆ, ಸುತ್ತಲ ತೋಟಗಳಿಗೆಲ್ಲ ಫೋನಿನಲ್ಲೇ ಔಷಧಿ ಬಿದ್ದು, ಮರದ ಮೇಲೆ ಜಿಗಿಹುಳುಗಳಿಗೆ ಹಬ್ಬವಾಗುತ್ತಿತ್ತು. "ಬರ್ತೀನಿ" ಒಂದು ಗುಂಡಿ, "ಮುಗೀತು" ಇನ್ನೊಂದು ಎಂದು ಅಲ್ಲೇ ತಿದ್ದಿದೆ. ಎಷ್ಟು ಖುಷಿಯಾಗಿತ್ತೆಂದರೆ, ಕೋಲಾರದವರೆಗೂ ಬಸ್ಸಿನಲ್ಲಿ ನಿಂತೇ ಬಂದದ್ದು ಗೊತ್ತಾಗಲಿಲ್ಲ.

ಮರುದಿನ ಬಾಸ್ ಎದುರು ಇದೇ ಆಟ ಆಡಿ ತೋರಿಸಿದೆ. ಅವರು ಮುಳಬಾಗಿಲಿನವರು, ಮನೆಮಾತು ತೆಲುಗು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇದೇ ಸಮಯವೆಂದು ಕೇಳಿಬಿಟ್ಟೆ.

"ಸರ್, ಇನ್ಮೇಲೆ ಎಲ್ಲಾ ಕೆಲಸಕ್ಕೂ ಮೊದಲ ದಿನದಿಂದ್ಲೇ ನಾನೂ ಕೂತ್ಕೊಳ್ಳಲಾ?"

"ಆಯ್ತು" ಎಂದರು.

"ಯಾವ ಆಯ್ತು ಸರ್?"

"ಸರೇನಮ್ಮಾ, ಸರೇ!" ಎಂದು ತಮ್ಮ ಮೇಜಿನ ಪಕ್ಕಕ್ಕೆ ಒಂದು ಕುರ್ಚಿ ಎಳೆದರು.