ಕ್ಯಾಸೆಟ್ ಅಂಗಡಿಯ ಮೇಲಿನ ಭೀಮಪಲಾಸ

ನಾನು ಹಿಂದುಸ್ತಾನಿ ಸಂಗೀತ ಕಲಿತದ್ದು ಶಿರಸಿ ಪೇಟೆಯಲ್ಲಿ, ಒಂದು ಕ್ಯಾಸೆಟ್ ಅಂಗಡಿಯ ಮೇಲಿನ ಕೋಣೆಯಲ್ಲಿ. ನಮ್ಮ ಮಾಸ್ತರು ಧಾರವಾಡದ ಕಡೆಯಿಂದ ಬಂದು ಆ ಕೋಣೆ ಹಿಡಿದಾಗ ಕೆಳಗೆ ಕೊಡೆ ರಿಪೇರಿ ಅಂಗಡಿ ಇತ್ತಂತೆ. ಕೊಡೆ ರಿಪೇರಿಗೆ ಸದ್ದಿಲ್ಲ ಎಂದೇ ಅವರು ಅದನ್ನು ಆರಿಸಿದ್ದು. ಆಮೇಲೆ ಕೊಡೆಯವನು ಬಿಟ್ಟುಹೋದ, ಕ್ಯಾಸೆಟ್ಟಿನವನು ಬಂದ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದು ದೇವರ ಹಾಡು, ಆಮೇಲೆ ಬಾಗಿಲು ಹಾಕುವವರೆಗೂ ಸಿನೆಮಾ ಹಾಡು. ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋದಾಗ ಮಾತ್ರ ನಿಶ್ಶಬ್ದ. ಮಾಸ್ತರು ಜಗಳ ಆಡುವವರಲ್ಲ. ಎಲ್ಲ ಪಾಠಗಳನ್ನೂ ಅವನ ಊಟದ ಹೊತ್ತಿಗೆ ತಂದಿಟ್ಟರು.

ಇದರಿಂದ ಒಂದು ತೊಂದರೆಯಾಯಿತು. ಪ್ರತಿ ರಾಗಕ್ಕೂ ಅದರದೇ ಹೊತ್ತಿದೆ, ಹೊತ್ತು ತಪ್ಪಿ ಹಾಡಬಾರದು ಎಂದು ನಂಬಿದವರು ಅವರು. ಬೆಳಗಿನ ಭೈರವವನ್ನಾಗಲಿ ಸಂಜೆಯ ಯಮನ್ನನ್ನಾಗಲಿ ಮಧ್ಯಾಹ್ನ ಹೇಳಿಕೊಡುವಂತಿಲ್ಲ. ಬೇರೆ ಕಡೆ ಮಕ್ಕಳು ಯಮನ್‌ನಿಂದ ಶುರುಮಾಡಿದರೆ ನಾವು ಸಾರಂಗದಿಂದ ಶುರುಮಾಡಿ ಭೀಮಪಲಾಸಕ್ಕೆ ಬಂದು ಅಲ್ಲೇ ನಿಂತೆವು. ನಾನು ಯಮನ್ ಕಲಿತದ್ದು ಅಂಗಡಿಯವನ ಮದುವೆಯಾದ ವಾರ. ಆಗ ಅಂಗಡಿ ಪೂರ್ತಿ ಮುಚ್ಚಿತ್ತು.

ಆಗ ನಾನು ಕಾಲೇಜಿನಲ್ಲಿದ್ದೆ. ನಮ್ಮೂರು ವಾನಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಕ್ಲಾಸು ಮುಗಿಸಿ, ಡಬ್ಬಿಯ ಊಟ ಮಾಡಿ ಹಾಡಲು ಕೂರುತ್ತಿದ್ದೆ. ಊಟವಾದ ಮೇಲೆ ಹಾಡಿದರೆ ತೇಗು ಬರುತ್ತದೆ. ತೇಗು ಬಂದರೆ ಮಾಸ್ತರು ತಾನಪುರ ನಿಲ್ಲಿಸಿ ಕಾಯುತ್ತಿದ್ದರು, ಬೈಯುತ್ತಿರಲಿಲ್ಲ. ಅವರದು ಒಂದೇ ಒಂದು ನಿಬಂಧನೆ, ಸಿನೆಮಾ ಹಾಡು ಕೇಳಬಾರದು.

"ಕಿವಿ ಕೆಡ್ತದ ತಂಗಿ," ಅನ್ನುತ್ತಿದ್ದರು. "ಹಲ್ಲು ಕೆಟ್ಟರ ಕೀಳಿಸಬಹುದು."

ಎರಡನೆಯ ವರ್ಷ ಅವರು ನನಗೆ ಭೀಮಪಲಾಸದಲ್ಲಿ ಒಂದು ಚೀಜು ಕೊಟ್ಟರು. ರಾಗದಲ್ಲಿ ಕಟ್ಟಿದ ಸಣ್ಣ ಹಾಡಿಗೆ ಅವರು ಹಾಗೆ ಹೇಳುತ್ತಿದ್ದರು. ಇದು ಅವರ ಗುರುಗಳು ಅವರಿಗೆ ಕೊಟ್ಟದ್ದು. ಗುರುಗಳು ತೀರಿಕೊಂಡ ಮೇಲೆ ಮಾಸ್ತರ ಹೊರತು ಬೇರೆ ಯಾರಿಗೂ ಬರುತ್ತಿರಲಿಲ್ಲವಂತೆ. ಹೇಳಿಕೊಡುವ ಮೊದಲು ಎದ್ದು ಕಿಟಕಿ ಹಾಕಿದರು. ಕೃಷ್ಣ ದಾರಿಗೆ ಅಡ್ಡ ನಿಂತಿದ್ದಾನೆ, ನೀರಿಗೆ ಹೋಗುವುದು ಹೇಗೆ ಎಂದು ಗೋಪಿ ಕೇಳುತ್ತಾಳೆ. ಅದರಲ್ಲಿ ಇರುವುದು ಇಷ್ಟೇ. ಮಧ್ಯಮ ಸ್ವರದಿಂದ ಗಾಂಧಾರಕ್ಕೆ ಜಾರಿ ಇಳಿಯುವ ಒಂದು ಜಾಗದಲ್ಲಿ ನಾನು ತಿಂಗಳುಗಟ್ಟಲೆ ಸಿಕ್ಕಿಬಿದ್ದೆ.

ಇನ್ನೂ ಅಲ್ಲೇ ಇದ್ದಾಗ ಕೆಳಗಿನ ಅಂಗಡಿಗೆ ಹೊಸ ಸಿನೆಮಾದ ಕ್ಯಾಸೆಟ್ ಬಂತು. ಒಂದು ದಿನ ಮೆಟ್ಟಿಲು ಇಳಿಯುತ್ತಿದ್ದೆ, ಅಂಗಡಿಯವ ಊಟ ಮುಗಿಸಿ ಬಂದು ಹಾಡು ಹಾಕಿದ. ನಮ್ಮ ಚೀಜೇ. ಮುಂದೆ ಕೊಳಲು, ಹಿಂದೆ ಗಿಟಾರು, ನಡುವೆ ನಮ್ಮ ಚೀಜು. ಅದರಲ್ಲಿ ನಾಯಕ ನಾಯಕಿಯ ಸೈಕಲ್ಲಿಗೆ ಅಡ್ಡ ನಿಂತಿದ್ದಾನೆ, ಕಾಲೇಜಿಗೆ ಹೋಗುವುದು ಹೇಗೆ ಎಂದು ಅವಳು ಕೇಳುತ್ತಾಳೆ. ವಾರದೊಳಗೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ, ನಮ್ಮ ವಾನಳ್ಳಿ ಬಸ್ಸಿನಲ್ಲಿ, ಅಡಿಕೆ ಸುಲಿಯುವವರ ಬಾಯಲ್ಲಿ ಎಲ್ಲ ಕಡೆ ಅದೇ ಹಾಡು. ಮೇಲಿನ ಕೋಣೆಗೆ ಮಾತ್ರ ಹೋಗಲಿಲ್ಲ. ಊಟದ ಹೊತ್ತು ಬಿಟ್ಟು ಉಳಿದ ವೇಳೆಯಲ್ಲಿ ಮಾಸ್ತರು ಕಿಟಕಿ ಹಾಕಿ, ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರು ಓದುತ್ತಿದ್ದರು.

ಆ ವರ್ಷ ಸಿದ್ದಾಪುರದಲ್ಲಿ ಗಣೇಶೋತ್ಸವಕ್ಕೆ ಮಧ್ಯಾಹ್ನದ ಸಂಗೀತ ಕಾರ್ಯಕ್ರಮ ಇಟ್ಟಿದ್ದರು. ಹಿಂದಿನ ವರ್ಷ ರಸಮಂಜರಿ ತರಿಸಿ, ಯಾವ ಹಾಡು ಹಾಡಬೇಕು ಎನ್ನುವುದರ ಮೇಲೆ ಹೊಡೆದಾಟವಾಗಿತ್ತು. ಅದಕ್ಕೇ ಈ ಸಲ ಶಾಸ್ತ್ರೀಯ ಮಾತ್ರ ಎಂದು ತೀರ್ಮಾನಿಸಿದ್ದರು. ಮಾಸ್ತರು ನನ್ನನ್ನು ಕೂರಿಸಿ ತಾವು ಹಾರ್ಮೋನಿಯಂಗೆ ಕೂತರು. ನಾನು ಭೀಮಪಲಾಸದ ಆಲಾಪ ಮಾಡುವಷ್ಟು ಹೊತ್ತು ಸಭೆ ಗಂಭೀರವಾಗಿ ಬೀಸಣಿಗೆ ಬೀಸಿಕೊಳ್ಳುತ್ತಿತ್ತು. ಚೀಜು ಎತ್ತಿಕೊಂಡೆ. ಹಿಂದಿನ ಸಾಲುಗಳಲ್ಲಿ ಚಪ್ಪಾಳೆಯ ತಾಳ ಶುರುವಾಯಿತು. ಮಾಸ್ತರ ಮುಖ ಅರಳಿತು. ಸಿದ್ದಾಪುರದಲ್ಲಿ ಇಷ್ಟು ರಸಿಕರಿದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಹೆಂಗಸರ ಕಡೆಯಿಂದ ಸೈಕಲ್ಲಿನ ಸಾಲು ಕೇಳಿಸಿತು.

ಸಮಿತಿಯ ಅಧ್ಯಕ್ಷರು ಎದ್ದು ವೇದಿಕೆಯ ಹತ್ತಿರ ಬಂದರು. "ತಂಗೀ, ಸಿನೆಮಾ ಹಾಡು ಬ್ಯಾಡ ಹೇಳಿ ಮೊದಲೇ ಹೇಳಿತ್ತು."

"ಇದು ಸಿನೆಮಾದ್ದಲ್ರಿ," ಅಂದರು ಮಾಸ್ತರು. "ನಮ್ಮ ಗುರುಗಳ ಚೀಜು."

"ನಮ್ಮನೆ ಮಕ್ಕಳು ದಿನಾ ಹಾಡ್ತಾರಲ್ರೀ."

"ನಿಮ್ಮನಿ ಮಕ್ಕಳಿಗೆ ಹೆಂಗ ಬರ್ತದ? ಈಕಿ ಬಿಟ್ಟರ ನಾ ಯಾರಿಗೂ ಹೇಳಿಕೊಟ್ಟಿಲ್ಲ."

ಅಧ್ಯಕ್ಷರಿಗೆ ಬೇರೆ ದಾರಿ ಕಾಣಲಿಲ್ಲ. ಮೈಕಿಗೆ ಬೆನ್ನು ಹಾಕಿ, ಸೈಕಲ್ಲಿನ ಹಾಡನ್ನು ಮೊದಲಿನಿಂದ ಎರಡು ಸಾಲು ಹಾಡಿ ತೋರಿಸಿದರು. ತಾಳ ಸರಿಯಿತ್ತು. ಮಾಸ್ತರು ಹಾರ್ಮೋನಿಯಂನ ಮೇಲಿಂದ ಕೈ ತೆಗೆದರು. "ಸಾರಂಗ ಹಾಡು," ಎಂದು ನನಗೆ ಹೇಳಿದರು. ಸಾರಂಗ ಹಾಡಿ ಮುಗಿಸಿದೆ. ಅದಕ್ಕೆ ಯಾರೂ ಚಪ್ಪಾಳೆಯ ತಾಳ ಹಾಕಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ಮಾಸ್ತರು ಕೇಳಿದರು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಯಾಕ ಹೇಳಲಿಲ್ಲ?"

"ಸಿನೆಮಾ ಹಾಡು ಕೇಳಬಾರದು ಅಂದಿದ್ರಿ. ಕೇಳಿದೆ ಅಂತ ಹ್ಯಾಗೆ ಹೇಳೋದು?"

ಅವರು ಯೋಚಿಸಿ, "ಅದೂ ಖರೆ," ಎಂದರು.

ಮರುದಿನ ನಾನು ಹೋದಾಗ ಮಾಸ್ತರು ಮೇಲೆ ಇರಲಿಲ್ಲ. ಕೆಳಗೆ ಕ್ಯಾಸೆಟ್ ಅಂಗಡಿಯ ಮುಂದೆ ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರು ಅಲ್ಲಿ ನಿಂತದ್ದು ಅದೇ ಮೊದಲು. ಜಗಳಕ್ಕೇ ಬಂದರು ಎಂದು ಅಂಗಡಿಯವ ಹಾಡು ಬಂದ್ ಮಾಡಿ, ಕೈಕಟ್ಟಿ ನಿಂತಿದ್ದ.

"ಆ ಸೈಕಲ್ ಹಾಡು ಹಚ್ಚು," ಎಂದರು ಮಾಸ್ತರು.

ಅವನು ಹಚ್ಚಿದ. ಮಾಸ್ತರು ಕಣ್ಣುಮುಚ್ಚಿ ಕೇಳಿದರು. ಇನ್ನೊಮ್ಮೆ ಹಚ್ಚಲು ಹೇಳಿದರು. ಅಂಗಡಿಯವ ಊಟಕ್ಕೆ ಹೋಗುವುದನ್ನು ಬಿಟ್ಟು ರಿವೈಂಡ್ ಮಾಡಿ ಮಾಡಿ ಹಚ್ಚಿದ. ಕೊನೆಗೆ ಮಾಸ್ತರು ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಕಳ್ಳರು," ಎಂದರು. "ಆದರ ಈ ಹಾಡಿದಾಕಿ ಗಾಂಧಾರಕ್ಕ ಹೆಂಗ ಇಳೀತಾಳ ನೋಡು. ನಿನಗ ಬರವಲ್ದು ಅದು. ಈ ಕ್ಯಾಸೆಟ್ ಮನಿಗೆ ತಗೊಂಡು ಹೋಗು."

ಹೀಗೆ ನಾನು ಮಾಸ್ತರ ಅಪ್ಪಣೆಯ ಮೇಲೆ ಸಿನೆಮಾ ಹಾಡನ್ನು ವಾನಳ್ಳಿಗೆ ತೆಗೆದುಕೊಂಡು ಹೋಗಿ ದಿನವೂ ಅಭ್ಯಾಸ ಮಾಡಿದೆ. ಅಪ್ಪ ಜಗುಲಿಯಲ್ಲಿ ಕೂತು ಕೆಲವು ದಿನ ಸುಮ್ಮನೆ ಕೇಳಿದ. ಆಮೇಲೆ, "ಇದ್ನ ಕಲಿಯಲೆ ಶಿರ್ಸಿಗೆ ಎಂತಕ್ಕೆ ಹೋಗವು? ಮನೇಲಿ ರೇಡಿಯೋ ಇದ್ದಲೆ," ಅಂದ. ಆದರೆ ಗಾಂಧಾರ ಬಂತು. ಮಾಸ್ತರು ಕೇಳಿ ತಲೆದೂಗಿದರು, ಕ್ಯಾಸೆಟ್ ಅಂಗಡಿಗೆ ವಾಪಸು ಕೊಡಿಸಿದರು. ಆದರೆ ಆ ಚೀಜನ್ನು ಅವರು ಆಮೇಲೆ ವರ್ಷಗಟ್ಟಲೆ ಎಲ್ಲಿಯೂ ಹಾಡಲಿಲ್ಲ, ನನ್ನಿಂದಲೂ ಹಾಡಿಸಲಿಲ್ಲ. ಪಾಠದಲ್ಲಿ ಅದರ ಹತ್ತಿರ ಬಂದರೆ ದಾಟಿ ಮುಂದೆ ಹೋಗುತ್ತಿದ್ದರು. ಅವರಿಗೆ ಎಷ್ಟು ನೋವಾಗಿದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಮದುವೆಯಾಗಿ ನಾನು ಯಲ್ಲಾಪುರಕ್ಕೆ ಬಂದೆ. ನನ್ನವರಿಗೆ ಅಲ್ಲೇ ಬ್ಯಾಂಕಿನಲ್ಲಿ ಕೆಲಸ. ಅವರ ಮೂಲ ಮಾಗೋಡು. ಎರಡು ಸಾವಿರದ ಇಸವಿ ಕಳೆದ ಮೇಲೆ ಮಾಗೋಡಿನಿಂದ ಅವರ ಅಜ್ಜಿ ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದರು. ಆಪರೇಶನ್ ಆದಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಾಲಿನಲ್ಲಿ ಕೂತಿರುತ್ತಿದ್ದರು. ಟೀವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರು, ಕೇಳಬಾರದು ಎಂದು ಹೇಳಿರಲಿಲ್ಲ. ಅದಕ್ಕೇ ಅಜ್ಜಿ ಟೀವಿಗೆ ಬೆನ್ನು ಹಾಕಿ ಧಾರಾವಾಹಿ ಕೇಳುತ್ತಿದ್ದರು.

ಒಂದು ದಿನ ಕರೆಂಟು ಹೋಗಿತ್ತು. ನಾನು ಒಳಗೆ ತಾನಪುರ ಶ್ರುತಿ ಮಾಡಿಕೊಂಡು, ಯಾರೂ ಕೇಳುವವರಿಲ್ಲ ಎಂದು, ಮಾಸ್ತರ ಆ ಚೀಜನ್ನು ಹಾಡುತ್ತಿದ್ದೆ. ಹಾಲಿನಿಂದ ಇನ್ನೊಂದು ದನಿ ಸೇರಿಕೊಂಡಿತು. ಅಜ್ಜಿ ಹಾಡುತ್ತಿದ್ದರು. ಧಾಟಿ ಅದೇ, ಮಾತು ಬೇರೆ.

"ಅಜ್ಜಿ, ಸಿನೆಮಾ ಹಾಡು ನಿಮಗೂ ಬರ್ತಾ?" ಎಂದೆ.

"ಎಂತ ಸಿನೆಮ? ಇದು ನಾಟಕದ ಪದ," ಎಂದರು ಅಜ್ಜಿ. "ಆನು ಮದುವೆಯಾಗಿ ಬಂದ ವರ್ಷ ಯಲ್ಲಾಪುರಕ್ಕೆ ಕಂಪನಿ ಬಂದಿತ್ತು. ಎಲ್ಲ ಗಾಡಿ ಕಟ್ಕಂಡು ಬಂದಿದ್ಯ. ಹಾಸ್ಯಗಾರನ ಪದ ಇದು. ಹೆಂಡ್ತಿ ಹೊಡದು ಮನೆಯಿಂದ ಹೊರಗೆ ಹಾಕಿರ್ತು. ಬಾಗ್ಲು ತೆಗಿಯೇ ಹೇಳಿ ಅವ ಅಳ್ತಾ ಹಾಡ್ತ."

ಹೆಂಡತಿ ಹೊಡೆದವನ ಪದವನ್ನು ಅಜ್ಜಿ ಮರೆತಿರಲಿಲ್ಲ. ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಅದನ್ನೇ ಹಾಡಿ ತೊಟ್ಟಿಲಲ್ಲಿ ಮಲಗಿಸಿದ್ದರಂತೆ. ನನ್ನ ಗಂಡನೂ ಅದನ್ನು ಕೇಳುತ್ತಲೇ ನಿದ್ದೆ ಮಾಡಿದವರು. ಕೇಳಿದರೆ, ತಮಗೆ ನೆನಪಿಲ್ಲ ಎಂದರು.

ಮಾಸ್ತರಿಗೆ ಹೇಳುವುದೋ ಬೇಡವೋ ಎಂದು ನಾನು ಕೆಲವು ದಿನ ಯೋಚಿಸಿದೆ. ಗುರುಗಳ ಚೀಜು ಎಂದು ಕಿಟಕಿ ಹಾಕಿ ಹೇಳಿಕೊಟ್ಟವರಿಗೆ ಇದು ಹಾಸ್ಯಗಾರನ ಪದ ಎಂದು ಹೇಗೆ ಹೇಳುವುದು? ಹೇಳದೆ ಇದ್ದರೂ ಆಗುವುದಿಲ್ಲ ಅನ್ನಿಸಿ, ಫೋನು ಮಾಡಿದೆ. ಅವರ ಕೋಣೆಯಲ್ಲಿ ಫೋನಿರಲಿಲ್ಲ, ಕೆಳಗಿನ ಕ್ಯಾಸೆಟ್ ಅಂಗಡಿಯವನೇ ಕರೆದುಕೊಡುತ್ತಿದ್ದ. ಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡರು. 

"ನಮ್ಮ ಗುರುಗಳು ಸಣ್ಣವರಿದ್ದಾಗ ಕಂಪನಿಯೊಳಗ ಪೇಟಿ ಬಾರಿಸ್ತಿದ್ದರು," ಎಂದರು. ಪೇಟಿ ಎಂದರೆ ಹಾರ್ಮೋನಿಯಂ. "ಅದನ್ನ ಯಾರ ಮುಂದೂ ಹೇಳ್ತಿರಲಿಲ್ಲ. ನನಗೂ ಅವರ ಹೆಂಡ್ತಿ ಹೇಳಿದ್ದು. ಅಜ್ಜಿ ಎಷ್ಟು ದಿನ ಇರ್ತಾರ ಅಲ್ಲೆ?"

ಅವರು ಮರುದಿನವೇ ಬಂದರು. ಇಷ್ಟು ವರ್ಷಗಳಲ್ಲಿ ಅವರಿಗೂ ವಯಸ್ಸಾಗಿತ್ತು, ಬಸ್ಸು ಇಳಿಯುವಾಗ ಕಂಡಕ್ಟರ್ ಕೈ ಹಿಡಿದ. ಅಜ್ಜಿ ಒಂದು ಕಣ್ಣಿನಿಂದ ಅವರ ಕೋಟು, ಟೊಪ್ಪಿಗೆ ನೋಡಿ, "ನಿಂಗ ಯಾವ ಕಂಪನಿಯವು?" ಎಂದು ಕೇಳಿದರು.

ಮಾಸ್ತರು ಆ ಪ್ರಶ್ನೆಯನ್ನು ತಿದ್ದಲಿಲ್ಲ. ಗುರುಗಳು ಇದ್ದ ಕಂಪನಿಯ ಹೆಸರು ಹೇಳಿದರು. ಅದೇ ಇರಬೇಕು ಎಂದರು ಅಜ್ಜಿ. ಆಮೇಲೆ ಪದ ಹಾಡಿದರು. ಮೊದಲಿನ ಎರಡು ಸಾಲು ನಾಟಕದ್ದು, ಮುಂದಿನದು ಎಲ್ಲೋ ಜೋಗುಳಕ್ಕೆ ತಿರುಗಿ, ಹೊಡೆಸಿಕೊಂಡ ಗಂಡ ಕಂದನಾಗಿ ತೂಗಿಸಿಕೊಳ್ಳುತ್ತಿದ್ದ. ಮಾಸ್ತರು ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದರು.

"ಹಾಸ್ಯದ ಪದ ಅಂತ ಬೇಜಾರಾಯ್ತಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ಹೆಂಡ್ತಿ ಹೊಡೆದು ಹೊರಗ ಹಾಕಿದ್ದು ಅಂವಗ ಹಾಸ್ಯ ಅಲ್ಲಲ," ಎಂದರು. "ಅಂವನ ಅಳುವಿಗೆ ಭೀಮಪಲಾಸ ಬರೋಬ್ಬರಿ ಅದ."

ಆಮೇಲೆ ಅಜ್ಜಿಯ ಹತ್ತಿರ ಸರಿದು ಕೂತು ಕೇಳಿದರು. "ಅಜ್ಜಿಯವರ, ಆ ನಾಟಕದಾಗ ಪೇಟಿ ಬಾರಿಸ್ತಿದ್ದ ಹುಡುಗನ್ನ ನೋಡಿದ್ರೇನು?"

"ಕಂಡಿದ್ದಿಲ್ಲೆ," ಎಂದರು ಅಜ್ಜಿ. "ಯಂಗ ಹೆಂಗಸ್ರು ದೂರ ಕೂತಿದ್ಯ."

ಮಾಸ್ತರು ತಲೆಯಾಡಿಸಿದರು. ಅಜ್ಜಿ ಅವರನ್ನೇ ನೋಡುತ್ತಿದ್ದರು.

"ಆದ್ರೆ ಪೇಟಿ ಕೇಳ್ತಿತ್ತು," ಎಂದರು. "ಚೊಲೋ ಬಾರಿಸ್ತಿದ್ದ."

ಅದು ನೆನಪೋ, ಎದುರು ಕೂತವರ ಮುಖ ನೋಡಿ ಹೇಳಿದ್ದೋ ನನಗೆ ಗೊತ್ತಿಲ್ಲ. ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ತಾನಪುರ ತರಿಸಿ, ವರ್ಷಗಳಿಂದ ಬಿಟ್ಟಿದ್ದ ಚೀಜನ್ನು ಅಜ್ಜಿಗಾಗಿ ಹಾಡಿದರು. ಗಂಟಲು ಮೊದಲಿನಷ್ಟು ಏರುತ್ತಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜಿ ಗೋಡೆಗೊರಗಿ ನಿದ್ದೆ ಹೋಗಿದ್ದರು. ಮಾಸ್ತರು ನಿಲ್ಲಿಸಲಿಲ್ಲ. ದನಿ ತಗ್ಗಿಸಿ ಕೊನೆಯವರೆಗೂ ಹಾಡಿ, ಸದ್ದಾಗದಂತೆ ತಾನಪುರ ಕೆಳಗಿಟ್ಟು, ಅವಲಕ್ಕಿ ತಿಂದು, ನಾಲ್ಕು ಗಂಟೆಯ ಬಸ್ಸಿಗೆ ಹೋದರು.

ಮುಂದಿನ ವರ್ಷ ನಾವು ಶಿಷ್ಯರೆಲ್ಲ ಸೇರಿ ಶಿರಸಿಯಲ್ಲಿ ಅವರ ಕಾರ್ಯಕ್ರಮ ಇಟ್ಟೆವು. ಅಜ್ಜಿ ಬರಲಿಲ್ಲ, ಬಸ್ಸಿನಲ್ಲಿ ಅವರಿಗೆ ವಾಂತಿಯಾಗುತ್ತದೆ. ಮಾಸ್ತರು ಹಾಡುವ ಮೊದಲು ಮೈಕನ್ನು ಹತ್ತಿರ ಎಳೆದುಕೊಂಡು ಎಲ್ಲವನ್ನೂ ಹೇಳಿದರು. ತಮ್ಮ ಗುರುಗಳು ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದರು, ಇದು ಅಲ್ಲಿಂದ ಬಂದದ್ದು, ಹಾಸ್ಯಗಾರನನ್ನು ಹೆಂಡತಿ ಹೊಡೆದು ಹೊರಗೆ ಹಾಕಿದಾಗ ಅವನು ಹಾಡುವ ಪದ, ಸಿನೆಮಾದವರು ಇದಕ್ಕೆ ಸೈಕಲ್ ಸೇರಿಸಿದ್ದಾರೆ ಎಂದು. ಸಭೆ ನಕ್ಕಿತು. ಯಾಕೆ ನಗುತ್ತಾರೆ ಎಂದು ಅವರಿಗೆ ತಿಳಿಯಲಿಲ್ಲ. ನಗು ನಿಲ್ಲುವವರೆಗೆ ಕಾದು, ಶ್ರುತಿ ನೋಡಿಕೊಂಡು ಹಾಡಿದರು. ಚೆನ್ನಾಗಿ ಹಾಡಿದರು.