ಇಲಿಗೆ ಗಾಜು, ಅಪ್ಪನಿಗೆ ಪ್ಲಾಸ್ಟಿಕ್ಕು

ನಮ್ಮ ಇಲಿಗಳ ಕೋಣೆಗೆ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದವರು ಯಾರೇ ಆಗಲಿ, ನನ್ನಿಂದ ಬೈಸಿಕೊಳ್ಳದೆ ಹೊರಗೆ ಹೋದದ್ದಿಲ್ಲ. ಯಲಹಂಕದ ಆಚೆಯ ಆ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಷ್ಟು: ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ಎಣ್ಣೆಯಂಥ ರಾಸಾಯನಿಕವನ್ನು ಇಲಿಗಳ ಆಹಾರದಲ್ಲಿ ಸೇರಿಸಿ, ಎರಡು ವರ್ಷ, ಎಂದರೆ ಹೆಚ್ಚುಕಡಿಮೆ ಅವುಗಳ ಇಡೀ ಆಯಸ್ಸು, ತಿನ್ನಿಸಿ, ಕೊನೆಗೆ ಕ್ಯಾನ್ಸರ್ ಬಂತೇ ಎಂದು ಕೊಯ್ದು ನೋಡುವುದು. ಹೋಲಿಕೆಗೆಂದು ಪಕ್ಕದ ಸಾಲಿನ ಇಲಿಗಳಿಗೆ ಏನೂ ಬೆರೆಸದ ಆಹಾರ. ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಆ ಎಣ್ಣೆ ತಾನಾಗಿಯೇ ಜಿನುಗುತ್ತದೆ. ಒಂದು ಪೈಪೋ ಚೀಲವೋ ಸೋಕಿದರೂ ಆ ಸಾಲು ಕೆಟ್ಟಂತೆಯೇ. ಹಾಗಾಗಿ ಅವಕ್ಕೆ ಗಾಜಿನ ಬಾಟಲಿಯಲ್ಲಿ ನೀರು, ಸ್ಟೀಲ್ ಡಬ್ಬಿಯಲ್ಲಿ ಊಟ.

"ನಾವು ಇಲಿಗೆ ಬೋನು ಇಟ್ಟೋರು. ನಮ್ಮ ಮಗ್ಳು ಸ್ಟೀಲ್ ಡಬ್ಬೀಲಿ ಊಟ ಇಡ್ತಾಳೆ, ಬೀಗ್ರಿಗೆ ಇಟ್ಟಂಗೆ," ಎಂದು ಅಪ್ಪ ಮನೆಗೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಯಲಹಂಕದ ಹತ್ತಿರದ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. ಈಗ ಎರಡೂ ಕಿಡ್ನಿ ಕೈಕೊಟ್ಟು, ಆರ್.ಟಿ. ನಗರದ ಒಂದು ಸಣ್ಣ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಜೊತೆಗೆ ಕೂರುತ್ತಿದ್ದವಳು ಅಮ್ಮ. ನಾನು ಗೇಟಿನವರೆಗೆ ಬಿಟ್ಟು ಕೆಲಸಕ್ಕೆ ಓಡುತ್ತಿದ್ದೆ.

ಎರಡು ವರ್ಷ ತುಂಬಿದ ಮೇಲೆ ಇಲಿಗಳನ್ನು ಕೊಯ್ಯುವ ಕೆಲಸ ಶುರುವಾಯಿತು. ಗಾಜಿನ ಬಾಟಲಿಯ ಸಾಲಿನ ಇಲಿಯ ಲಿವರ್ ನುಣುಪಾಗಿ, ಕಂದುಗೆಂಪಾಗಿ ಇತ್ತು. ಆಮೇಲೆ ಎಣ್ಣೆ ತಿಂದ ಸಾಲಿನ ಮೊದಲ ಇಲಿಯ ಹೊಟ್ಟೆ ತೆರೆದೆ. ಬೆಚ್ಚಿಬಿದ್ದೆ. ಲಿವರ್ ಊದಿಕೊಂಡು ಹೊಟ್ಟೆಯ ಅರ್ಧ ಜಾಗ ಹಿಡಿದಿತ್ತು. ಮೇಲೆಲ್ಲ ಬಿಳಿಚಿದ ಗಂಟುಗಳು, ಹಿತಕಿದ ಅವರೆಬೇಳೆ ಅಂಟಿಸಿದ ಹಾಗೆ. ಮುಂದಿನದೂ ಹಾಗೇ. ಅದರ ಮುಂದಿನದೂ. ಓದಿ ತಿಳಿದದ್ದೇ ಬೇರೆ, ಅಂಗೈಯಲ್ಲಿ ಹಿಡಿದು ನೋಡುವುದೇ ಬೇರೆ. ಅಂದು ಸಂಜೆ ನನ್ನ ಊಟದ ಡಬ್ಬಿಯನ್ನು ಹಾಗೇ ಮನೆಗೆ ವಾಪಸ್ ತಂದೆ.

ಅದೇ ವಾರ ಅಮ್ಮನಿಗೆ ಜ್ವರ ಬಂತು. ಅಪ್ಪನ ಜೊತೆ ಮೊದಲ ಬಾರಿಗೆ ನಾನು ಒಳಗೆ ಹೋದೆ. ಸಿಸ್ಟರ್ ಹೊಸ ಟ್ಯೂಬುಗಳ ಕವರ್ ಹರಿದು ಮಂಚದ ಮೇಲೆ ಹಾಕಿ, ಸೂಜಿ ಚುಚ್ಚಿ, ಮೆಷೀನ್ ಶುರು ಮಾಡಿದರು. ಕೈ ಸುಮ್ಮನಿರಬೇಕಲ್ಲ, ಕವರ್ ಎತ್ತಿ ಓದಿದೆ. ಟ್ಯೂಬಿನಲ್ಲಿದ್ದದ್ದು, ನಾನು ಅಳೆದು ಅಳೆದು ಇಲಿಗಳ ಆಹಾರಕ್ಕೆ ಬೆರೆಸಿದ ಅದೇ ರಾಸಾಯನಿಕ. ಅಪ್ಪನ ತೋಳಿನಿಂದ ಹೊರಟ ರಕ್ತ ಆ ಮೆತ್ತನೆಯ ಟ್ಯೂಬಿನಲ್ಲಿ ಮೆಷೀನಿಗೆ ಹೋಗಿ, ಅಂಥದೇ ಇನ್ನೊಂದರಲ್ಲಿ ವಾಪಸ್ ಬರುತ್ತಿತ್ತು. ಇಲಿಗೆ ಒಂದು ತೊಟ್ಟೂ ತಾಗಬಾರದೆಂದು ಊರವರನ್ನೆಲ್ಲ ಬೈದವಳು ನಾನು. ನನ್ನಪ್ಪನ ಮೈಯ ರಕ್ತವೆಲ್ಲ ಇದರಲ್ಲೇ ಹರಿಯುತ್ತಿದೆ!

"ಸಿಸ್ಟರ್, ಬೇರೆ ಟ್ಯೂಬ್ ಇಲ್ವಾ? ಇದು ಬೇಡ." ನನ್ನ ದನಿ ನನಗೇ ಕೀರಲಾಗಿ ಕೇಳಿತು.

"ನಮ್ಗೆ ಬರೋದು ಇದೊಂದೇ ಮೇಡಂ. ಇಷ್ಟು ಮೆತ್ತಗೆ ಇಲ್ದಿದ್ರೆ ಮಡಚ್ಕೊಂಡು ರಕ್ತ ನಿಂತೋಗುತ್ತೆ. ಬೇಡ ಅಂದ್ರೆ ತೆಗೀತೀನಿ, ಡಯಾಲಿಸಿಸ್ ಇಲ್ಲ ಅಷ್ಟೇ. ಏನ್ ಮಾಡ್ಲಿ ಹೇಳಿ?"

ತೆಗೆಯಬೇಡಿ ಎಂದೆ. ಡಯಾಲಿಸಿಸ್ ಬಿಟ್ಟರೆ ಅಪ್ಪ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಇಲಿಗೆ ಆದದ್ದು ಮನುಷ್ಯನಿಗೂ ಆಗಲೇಬೇಕೆಂದಿಲ್ಲ ಎಂದು ಹೊಸಬರಿಗೆ ಪಾಠ ಹೇಳುವವಳೂ ನಾನೇ. ಆ ಪಾಠ ಆ ಹೊತ್ತಿನಲ್ಲಿ ಎಲ್ಲಿ ಹೋಗಿತ್ತೋ! ಕಣ್ಣ ಮುಂದೆ ಬರೀ ಗಂಟುಗಳು.

"ಯಾಕವ್ವಾ, ಮುಖ ಇಂಗೆ ಬಿಳುಚ್ಕೊಂಡೈತೆ?" ಎಂದರು ಅಪ್ಪ.

ಏನಾದರೂ ಸುಳ್ಳು ಹೇಳೋಣವೆಂದುಕೊಂಡೆ, ಬಾಯಿ ಬರಲಿಲ್ಲ. ಇಲಿ, ಎಣ್ಣೆ, ಗಂಟು, ಟ್ಯೂಬು, ಎಲ್ಲ ಒದರಿಬಿಟ್ಟೆ. "ಈಗ್ಲೇ ಏನೂ ಆಗಲ್ಲ ಅಪ್ಪ. ಆದ್ರೆ ಇದೇ ಥರ ವರ್ಷಗಟ್ಟಲೆ ಹೋದ್ರೆ ಕ್ಯಾನ್ಸರ್ ಬಂದ್ಬಿಟ್ರೆ ಏನ್ ಮಾಡೋದು?"

ಹೆದರಿ ಸೂಜಿ ಕಿತ್ತುಕೊಂಡು ಎದ್ದುಬಿಡುತ್ತಾರೇನೋ ಎಂದು ಅವರ ತೋಳು ಹಿಡಿದುಕೊಂಡೆ. ಅವರು ಅಲುಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಕಾಯಿಲೆ ಬಿದ್ದಾಗಿನಿಂದ ನಾನು ಕಾಣದಿದ್ದ ಗೆಲುವು ಆ ಕಣ್ಣುಗಳಲ್ಲಿತ್ತು.

"ವರ್ಷಗಟ್ಟಲೆನಾ?" ಎಂದರು. "ಅಷ್ಟು ದಿವ್ಸ ನಾನಿರ್ತೀನಿ ಅನ್ಕೊಂಡಿದೀಯೇನವ್ವಾ ನೀನು?"

ಲಿವರ್ ಕಂಡಾಗ, ಕವರ್ ಓದಿದಾಗ ಆಗದಷ್ಟು ಆಘಾತ ನನಗೆ ಆ ಪ್ರಶ್ನೆಯಿಂದ ಆಯಿತು. ಇಲಿಗಳ ಆಯಸ್ಸಿನ ಲೆಕ್ಕವಿಟ್ಟವಳು ಅಪ್ಪನದನ್ನು ಒಮ್ಮೆಯೂ ಎಣಿಸಿರಲಿಲ್ಲ. ಅವರು ಒಬ್ಬರೇ ಎಣಿಸಿಕೊಂಡು ಕೂತಿದ್ದರು, ಮೇಲುನೋಟಕ್ಕೆ ಬೀಗರು ಅದೂ ಇದೂ ಎಂದು ನನ್ನನ್ನು ರೇಗಿಸಿಕೊಂಡು.

"ಹೂಂ ಅಪ್ಪ," ಎಂದೆ.

ಅಪ್ಪ ಟ್ಯೂಬಿದ್ದ ತೋಳನ್ನು ಜೋಪಾನವಾಗಿ ದಿಂಬಿನ ಮೇಲಿಟ್ಟುಕೊಂಡು ಪಕ್ಕದ ಮಂಚದಲ್ಲಿ ಡಯಾಲಿಸಿಸ್‌ಗೆ ಮಲಗಿದ್ದವರತ್ತ ತಿರುಗಿದರು.

"ಭಾಯ್, ಕೇಳಿದ್ರಾ? ನಮ್ಮ ಇಲಿ ಡಾಕ್ಟ್ರು ಯೋಳ್ತಾವ್ಳೆ, ನಂಗಿನ್ನೂ ಭಾಳ ವರ್ಷ ಐತಂತೆ."